ಟಾಂಗಾದಿಂದ ಬಿದ್ದ ಅವ್ವ: ಕೈಗೆ ಪ್ಲಾಸ್ಟರ್ ಆಗಿದೆ, ಬೆನ್ನಿನ ನೋವು ಮಾತ್ರ ಇಳಿಯುತ್ತಿಲ್ಲ

ಸ್ಟೇಷನ್ ರಸ್ತೆಯ ಮಗಳು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 67 ವರ್ಷ. 19 ದಿನಗಳ ಹಿಂದೆ ಸೋಲಾಪುರದಿಂದ ಬಂದ ಚಿಕ್ಕಮ್ಮನನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋಗಿದ್ದ ಅವ್ವ, ಮೊಮ್ಮಕ್ಕಳ ಹಟಕ್ಕೆ ಮಣಿದು ಆಟೊ ಬಿಟ್ಟು ಟಾಂಗಾ ಹತ್ತಿದರು. ಮೊಮ್ಮಗ ಮುಂದೆ ಟಾಂಗಾದವರ ಪಕ್ಕದಲ್ಲಿದ್ದ. ಅವ್ವ, ಚಿಕ್ಕಮ್ಮ ಮತ್ತು ಮೊಮ್ಮಗಳು ಹಿಂದಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ ಕುಳಿತಿದ್ದರು. ಗೋಳಗುಮ್ಮಟದ ಮುಂದಿನ ರಸ್ತೆಯಲ್ಲಿ ಬಸ್ಸೊಂದು ತೀರ ಹತ್ತಿರಕ್ಕೆ ಬಂದು ಹಾರ್ನ್ ಹೊಡೆದಾಗ ಕುದುರೆ ಬೆದರಿ ಒಮ್ಮೆಲೇ ಮುಂದಕ್ಕೆ ಜಿಗಿಯಿತು. ಚಿಕ್ಕಮ್ಮ ಕಂಬಿ ಹಿಡಿದುಕೊಂಡಿದ್ದರಿಂದ ಉಳಿದರು. ಅವ್ವ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದು ಕೈಯಲ್ಲಿ ಚೀಲವನ್ನೂ ಹಿಡಿದಿದ್ದರು. ಮಗುವನ್ನು ಚಿಕ್ಕಮ್ಮನ ಕಡೆಗೆ ನೂಕಿ ತಾವು ಡಾಂಬರಿನ ಮೇಲೆ ಕುಂಡಿಯೂರಿ ಬಿದ್ದು, ಬಲಗೈ ಊರಿದರು.

ದವಾಖಾನೆಯಲ್ಲಿ ಎಕ್ಸ್-ರೇ ತೆಗೆದು ಬಲ ಮಣಿಕಟ್ಟು ಮುರಿದಿದೆ ಎಂದು ಪ್ಲಾಸ್ಟರ್ ಹಾಕಿದರು, ಧನುರ್ವಾಯುವಿನ ಸೂಜಿ ಕೊಟ್ಟರು. ಬೆನ್ನು ನೋಯುತ್ತಿದೆ ಎಂದು ಅವ್ವ ಅಂದೇ ಹೇಳಿದ್ದರು. ಬಿದ್ದಾಗ ಮೈ ಉಳುಕುವುದು ಸಹಜ, ಹದಿನೈದು ದಿನಕ್ಕೆ ಸರಿಹೋಗುತ್ತದೆ ಎಂಬ ಉತ್ತರ ಬಂತು. ಈಗ 19 ದಿನವಾಗಿದೆ. ಮಲಗಿದ್ದರೆ ಆರಾಮಾಗಿಯೇ ಇರುತ್ತಾರೆ, ಹೊರಸಿನಿಂದ ಏಳುವಾಗ ಮಾತ್ರ ಕೂಗಿಕೊಳ್ಳುತ್ತಾರೆ. ಎಣ್ಣೆ ತಿಕ್ಕಿ ಬೆನ್ನು ಎಳೆದು ಸರಿಮಾಡುವವರೊಬ್ಬರು ಇದ್ದಾರೆ, ಅಲ್ಲಿಗೆ ಕರೆದೊಯ್ಯಿರಿ ಎಂದು ಓಣಿಯವರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಕೈಕಾಲು ಚಿಕಿತ್ಸೆ, ಬಾಗಲಕೋಟೆ

ತಂಗಿ, ನಾನು ಫಿಜಿಯೋಥೆರಪಿ ಮಾಡುವವಳು. ಮೊದಲನೆಯ ಮಾತು, ಎಣ್ಣೆ ತಿಕ್ಕಿ ಎಳೆಯುವವರ ಬಳಿ ಕರೆದೊಯ್ಯಬೇಡಿ. ಮಲಗಿದರೆ ಕಡಿಮೆಯಾಗಿ, ಮಗ್ಗುಲು ಬದಲಿಸುವಾಗ ಮತ್ತು ಏಳುವಾಗ ಚುಚ್ಚುವ ನೋವು, ಅದೂ ಕುಂಡಿಯೂರಿ ಬಿದ್ದ 67 ವರ್ಷದ ಹೆಂಗಸಿನಲ್ಲಿ, ಬೆನ್ನುಮೂಳೆಯ ಮಣಿ ಕುಸಿದಿರಬಹುದು ಎನ್ನುವುದಕ್ಕೆ ಸಾಕಷ್ಟು ಸೂಚನೆ. ನಾಳೆಯೇ ಬೆನ್ನಿನ ಎಕ್ಸ್-ರೇ ತೆಗೆಸಿ. ಈ ರಾತ್ರಿಯೇ ಕೇಳಬೇಕಾದ ಪ್ರಶ್ನೆಗಳೂ ಇವೆ: ಕಾಲುಗಳಲ್ಲಿ ಬಲ ಕಡಿಮೆಯಾಗಿದೆಯೇ, ಮೂತ್ರ ಕಟ್ಟಿದೆಯೇ ಅಥವಾ ತಿಳಿಯದೆ ಹೋಗುತ್ತಿದೆಯೇ, ಕುಳಿತಾಗ ನೆಲಕ್ಕೆ ತಾಗುವ ಭಾಗ ಜೋಮು ಹಿಡಿದಿದೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದಾದರೆ ನಾಳೆಯವರೆಗೂ ಕಾಯದೆ 108ಕ್ಕೆ ಕರೆ ಮಾಡಿ.

ಸ್ಟೇಷನ್ ರಸ್ತೆಯ ಮಗಳು, ವಿಜಯಪುರ

ಅವ್ವನನ್ನು ಕೇಳಿದೆ, ಅಂಥದ್ದೇನೂ ಇಲ್ಲವಂತೆ. ಗೋಡೆ ಹಿಡಿದು ಬಚ್ಚಲಿಗೆ ತಾವೇ ಹೋಗಿ ಬರುತ್ತಾರೆ. ನಾಳೆ ಎಕ್ಸ್-ರೇ ಮಾಡಿಸುತ್ತೇನೆ.

ಲಗಾಮು, ವಿಜಯಪುರ

ನಮ್ಮ ಅಪ್ಪ ಮತ್ತು ನಾನು ಸೇರಿ ಇದೇ ಊರಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಟಾಂಗಾ ಹೊಡೆದವರು. ನಾನು ಈಗ ಬಿಟ್ಟಿದ್ದೇನೆ. ತಂಗಿಯ ತಾಯಿಗೆ ಬೇಗ ಗುಣವಾಗಲಿ. ಯಾರ ಗಾಡಿ ಎಂದು ನಾನು ಕೇಳುವುದಿಲ್ಲ. ಆದರೆ ಈ ಬೀಳುವಿಕೆ ಹೇಗಾಗುತ್ತದೆ ಎಂಬುದನ್ನು ಹತ್ತುವವರು ತಿಳಿದಿರಬೇಕು, ಏಕೆಂದರೆ ನನ್ನ ಕಣ್ಣಮುಂದೆ ಬಿದ್ದವರಲ್ಲಿ ಹೆಚ್ಚಿನವರು ಹಿಂದಿನ ಸೀಟಿನವರೇ.

ಮುಂದೆ ಕುಳಿತವನಿಗೆ ಕುದುರೆಯ ಕಿವಿ ಕಾಣುತ್ತದೆ. ಕುದುರೆ ಬೆದರುವ ಮೊದಲು ಕಿವಿ ನಿಮಿರುತ್ತದೆ, ಕತ್ತು ಎತ್ತುತ್ತದೆ, ಅಷ್ಟರೊಳಗೆ ಕೈ ತಾನಾಗಿಯೇ ಕಂಬಿಗೆ ಹೋಗುತ್ತದೆ. ಹಿಂದೆ ಬೆನ್ನು ತಿರುಗಿಸಿ ಕುಳಿತವನಿಗೆ ಇದಾವುದೂ ಕಾಣದು. ಕುದುರೆ ಜಿಗಿದ ಕ್ಷಣದಲ್ಲಿ ಗಾಡಿ ಅವನ ಕೆಳಗಿನಿಂದ ಸರಿದು ಮುಂದೆ ಹೋಗುತ್ತದೆ, ಅವನು ಇದ್ದಲ್ಲಿಯೇ ನೆಲಕ್ಕೆ ಬರುತ್ತಾನೆ. ಭಾರವೂ ಸರಿಯಾಗಿ ಕೂಡಬೇಕು. ಎರಡು ಗಾಲಿಯ ಗಾಡಿ ತಕ್ಕಡಿಯ ಹಾಗೆ. ಹಿಂದೆ ಮೂವರು ದಪ್ಪನೆಯವರು, ಮುಂದೆ ಒಬ್ಬ ಹುಡುಗ ಎಂದಾದರೆ ಕುದುರೆ ಹೂಡುವ ಮರ, ಅಂದರೆ ಮೂಕಿ, ಮೇಲಕ್ಕೇಳುತ್ತದೆ, ಹೊಟ್ಟೆಪಟ್ಟಿ ಕುದುರೆಯ ಎದೆಗೆ ಬಿಗಿಯುತ್ತದೆ, ಕುದುರೆಗೂ ಕಿರಿಕಿರಿ, ಹಿಂದಿನವರಿಗೂ ಜಾರುವ ಇಳಿಜಾರು. ಉಲಾಳ ಎಂದು ನಾವು ಹೇಳುವುದು ಇದಕ್ಕೇ. ಅದಕ್ಕಾಗಿ ನಮ್ಮ ಗಾಡಿಯಲ್ಲಿ ಸೀಟನ್ನು ಹಿಂದೆ ಮುಂದೆ ಸರಿಸುವ ಏರ್ಪಾಡು ಇತ್ತು. ಅಜ್ಜ ಅಜ್ಜಿಯರನ್ನು ಅಪ್ಪ ಯಾವಾಗಲೂ ಮುಂದೆಯೇ ಕೂಡಿಸುತ್ತಿದ್ದರು. ಇಳಿಯುವಾಗಲೂ ಹಾಗೆಯೇ: ಒಬ್ಬರು ಕುದುರೆಯ ಬಾಯಿಯ ಬಳಿ ಲಗಾಮು ಹಿಡಿದು ನಿಲ್ಲದ ಹೊರತು ವಯಸ್ಸಾದವರು ಪಾವಟಿಗೆಯ ಮೇಲೆ ಕಾಲಿಡಬಾರದು. ಪಾವಟಿಗೆ ಜಾರಿ ಕಾಲು ಗಾಲಿಯ ಅರಗಳ ನಡುವೆ ಸಿಕ್ಕಿ ಹಿಮ್ಮಡಿಯ ಚರ್ಮ ಸುಲಿದುಹೋದ ಹುಡುಗನನ್ನು ನಾನು ನೋಡಿದ್ದೇನೆ.

ಜಾನುವಾರು ಎಳೆಯುವ ಗಾಡಿಗಳಿಗೆ 1965ರ ನಿಯಮಗಳಿವೆ. ಗಾಡಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನರನ್ನು ಕೂಡಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟಿದ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡುವಂತಿಲ್ಲ. ನಮ್ಮ ವಿಜಯಪುರದ ಏಪ್ರಿಲ್‌ನಲ್ಲಿ ಇದನ್ನು ಪಾಲಿಸಿದರೆ ಪ್ರವಾಸಿಗರು ಸಿಗುವ ಹೊತ್ತಿನ ಅರ್ಧ ದುಡಿಮೆ ಹೋಗುತ್ತದೆ ಎಂಬುದೂ ನಿಜ, ಬಿಸಿಲಿಗೆ ದಣಿದ ಕುದುರೆ ಬೇಗ ಎಡವುತ್ತದೆ ಎಂಬುದೂ ನಿಜ. ಹಾರ್ನ್ ಹೊಡೆದ ಬಸ್ಸಿನವನನ್ನು ಯಾರೂ ನಿಲ್ಲಿಸುವುದಿಲ್ಲ, ಬೈಗುಳವೆಲ್ಲ ಕುದುರೆಯವನಿಗೆ. ಇದಿಷ್ಟು ನನ್ನ ಸಂಕಟ.

ಎಲುಬಿನ ಡಾಕ್ಟರ್, ಬೆಳಗಾವಿ

ಬಾಗಲಕೋಟೆಯ ಸಹೋದ್ಯೋಗಿ ಹೇಳಿದ್ದು ಸರಿಯಾಗಿದೆ. ಇಂಥ ಬೀಳುವಿಕೆಯಲ್ಲಿ ಮಣಿಕಟ್ಟು ಮತ್ತು ಬೆನ್ನುಮೂಳೆ ಒಟ್ಟಿಗೇ ಪೆಟ್ಟು ತಿನ್ನುವುದು ಅಪರೂಪವಲ್ಲ, ಆದರೆ ಕೈ ಸೊಟ್ಟಗಾಗಿರುವುದು ಎಲ್ಲರ ಕಣ್ಣಿಗೆ ಬೀಳುವುದರಿಂದ ಬೆನ್ನಿನ ದೂರು ಹಿಂದೆ ಬೀಳುತ್ತದೆ. ಎದೆಗೂಡಿಗೆ ಬಿಗಿದುಕೊಂಡಿರುವ ಮೇಲಿನ ಬೆನ್ನು ಹೆಚ್ಚು ಅಲುಗಾಡುವುದಿಲ್ಲ, ಸೊಂಟದ ಭಾಗ ಚೆನ್ನಾಗಿ ಬಾಗುತ್ತದೆ. ಇವೆರಡೂ ಕೂಡುವಲ್ಲಿರುವ ಎದೆಯ ಹನ್ನೆರಡನೆಯ ಮಣಿ ಮತ್ತು ಸೊಂಟದ ಮೊದಲನೆಯ ಮಣಿ, ಕುಂಡಿಯೂರಿ ಬಿದ್ದಾಗ ಮುಂಭಾಗದಲ್ಲಿ ಅಪ್ಪಚ್ಚಿಯಾಗಿ ಬೆಣೆಯ ಆಕಾರ ತಾಳುತ್ತವೆ. ಮುಟ್ಟುನಿಂತ ಮೇಲೆ ಎಲುಬು ಟೊಳ್ಳಾಗಿದ್ದರೆ ಇಷ್ಟು ಎತ್ತರದಿಂದ ಬೀಳುವುದೇ ಬೇಕಿಲ್ಲ, ತುಂಬಿದ ಕೊಡ ಎತ್ತಿದರೂ ಸಾಕು.

ಎಕ್ಸ್-ರೇಯಲ್ಲಿ ಮಣಿ ಕುಸಿದದ್ದು ಕಂಡರೆ ಗಾಬರಿಯಾಗಬೇಡಿ. ಹಿಂಭಾಗದ ಗೋಡೆ ಗಟ್ಟಿಯಾಗಿದ್ದು ನರಗಳಿಗೆ ಒತ್ತಡವಿಲ್ಲದಿದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದಿಲ್ಲ. ನೋವು ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಇಳಿಯುತ್ತದೆ. ಆ ಅವಧಿಯಲ್ಲಿ ಮುಂದಕ್ಕೆ ಬಾಗುವುದು, ಭಾರ ಎತ್ತುವುದು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವುದು ಬೇಡ. ಹಾಗೆಂದು ತಿಂಗಳುಗಟ್ಟಲೆ ಮಲಗಿಸುವುದು ಇನ್ನೂ ಕೆಟ್ಟದ್ದು. ಮಲಗಿದಷ್ಟೂ ಎಲುಬು ಸವೆಯುತ್ತದೆ, ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕೂಡಿ ನ್ಯುಮೋನಿಯಾ ಆಗಬಹುದು. ನೋವಿಗೆ ಮಾತ್ರೆ ಕೊಟ್ಟು, ಬೇಕಾದರೆ ಬೆನ್ನುಪಟ್ಟಿ ಹಾಕಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ನಡೆಸುವುದೇ ಸರಿಯಾದ ದಾರಿ.

ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪ್ಲಾಸ್ಟರ್ ಹಾಕಿದ ದಿನ ಚಿಕಿತ್ಸೆ ಮುಗಿಯಿತು ಎಂದು ಮನೆಯವರು ಭಾವಿಸುತ್ತಾರೆ. ಕೂಡಿಸಿದ ಮಣಿಕಟ್ಟು ಮೊದಲ ಎರಡು ವಾರಗಳಲ್ಲಿ ಪ್ಲಾಸ್ಟರ್‌ನ ಒಳಗೇ ಮತ್ತೆ ಸರಿಯಬಹುದು. ಮೊದಲು ಊತವಿರುತ್ತದೆ, ಊತ ಇಳಿದಾಗ ಪ್ಲಾಸ್ಟರ್ ಸಡಿಲವಾಗುತ್ತದೆ, ಎಲುಬಿಗೆ ಜಾಗ ಸಿಗುತ್ತದೆ. ಆದ್ದರಿಂದ ಒಂದು ವಾರ ಮತ್ತು ಎರಡು ವಾರ ತುಂಬಿದಾಗ ಎಕ್ಸ್-ರೇ ನೋಡುವುದು ವಾಡಿಕೆ. ನಿಮ್ಮ ತಾಯಿಗೆ ಇದು ಆಗಿದೆಯೇ? ಇಲ್ಲದಿದ್ದರೆ ಬೆನ್ನಿನ ಜೊತೆಗೆ ಅದನ್ನೂ ನಾಳೆ ಮಾಡಿಸಿ. ಬೆರಳುಗಳು ಪ್ಲಾಸ್ಟರ್‌ನಿಂದ ಹೊರಗೆ ಇರುವುದು ಅಲುಗಾಡಿಸಲೆಂದೇ. ಮುಷ್ಟಿ ಕಟ್ಟಿ ಬಿಚ್ಚುವುದನ್ನು ಮೊದಲ ದಿನದಿಂದಲೇ ಮಾಡಬೇಕು, ಮೊಣಕೈ ಮತ್ತು ಭುಜವನ್ನೂ ಆಡಿಸುತ್ತಿರಬೇಕು. ಕೈಯನ್ನು ಜೋಳಿಗೆಯಲ್ಲಿ ಆರು ವಾರ ತೂಗಿಬಿಟ್ಟವರ ಮಣಿಕಟ್ಟು ಕೂಡುತ್ತದೆ, ಭುಜ ಬಿಗಿದುಹೋಗುತ್ತದೆ. ಬೆರಳು ನೀಲಿಗಟ್ಟಿದರೆ, ಬೆರಳನ್ನು ಚಾಚಿದಾಗ ತಡೆಯಲಾಗದ ನೋವು ಬಂದರೆ, ಜೋಮು ಹಿಡಿದರೆ, ರಾತ್ರಿಯಾದರೂ ಸರಿ ಪ್ಲಾಸ್ಟರ್ ಸೀಳಿಸಬೇಕು.

ಜಮಖಂಡಿಯ ಅಳಿಯ

ಡಾಕ್ಟರರ ಮಾತಿಗೆ ವಿರೋಧವಲ್ಲ, ಆದರೆ ಎಲುಬು ಕಟ್ಟುವ ಹಳ್ಳಿಯವರನ್ನು ಪೂರ್ತಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಕಾಲು ಮುರಿದಾಗ ಬಿದಿರಿನ ದಬ್ಬೆ ಕಟ್ಟಿ ಗುಣಪಡಿಸಿದವರು ಅವರೇ, ಇಂದಿಗೂ ನಾನು ಕಬ್ಬಿನ ಗದ್ದೆಯಲ್ಲಿ ಓಡಾಡುತ್ತೇನೆ.

ಆದರೆ ನಾನು ಇಲ್ಲಿಗೆ ಬಂದದ್ದು ಬೇರೆಯದನ್ನು ಹೇಳಲು. ನಮ್ಮ ಮಾವ 74ನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದ ಕಾಲದಲ್ಲಿ, ಜಾತ್ರೆಯಿಂದ ಬರುವಾಗ ಕುದುರೆಗಾಡಿ ಮಗುಚಿ ಬಿದ್ದರು. ತಲೆಗೆ ಅಂಗುಲದಷ್ಟು ಗಾಯ, ಎರಡು ಹೊಲಿಗೆ, ಅಷ್ಟೇ. ಎದ್ದು ಕುಳಿತು ಚಹಾ ಕುಡಿದರು. ನಾಲ್ಕನೆಯ ವಾರದಲ್ಲಿ ಅಂಗಿಯ ಗುಂಡಿ ತಪ್ಪಾಗಿ ಹಾಕತೊಡಗಿದರು, ಊಟದ ನಡುವೆಯೇ ತೂಕಡಿಸುವರು, ಬಲಗಾಲಿನ ಚಪ್ಪಲಿ ತಿಳಿಯದೆ ಕಳಚಿಬೀಳುವುದು. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡೆವು. ಅತ್ತೆ ಮಾತ್ರ, ಇವರು ಹೀಗಲ್ಲ, ಬಿದ್ದ ಮೇಲೆ ಹೀಗಾದರು ಎಂದು ಹಟ ಹಿಡಿದರು. ಸ್ಕ್ಯಾನ್ ಮಾಡಿದಾಗ ತಲೆಬುರುಡೆಯ ಒಳಗೆ ಮೆದುಳಿನ ಮೇಲೆ ರಕ್ತ ಕೂಡಿತ್ತು. ಬುರುಡೆಗೆ ಸಣ್ಣ ರಂಧ್ರ ಕೊರೆದು ಅದನ್ನು ತೆಗೆದರು. ಮಾವ ಇಂದಿಗೂ ಇದ್ದಾರೆ.

ಎಲುಬಿನ ಡಾಕ್ಟರ್, ಬೆಳಗಾವಿ

ಅಳಿಯನವರೇ, ನಿಮ್ಮ ಅತ್ತೆಯವರು ಮಾಡಿದ ರೋಗನಿರ್ಣಯ ಅನೇಕ ಡಾಕ್ಟರರಿಗಿಂತ ಚೆನ್ನಾಗಿದೆ. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ, ಅದಕ್ಕೂ ಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿದ ದಾರದ ಹಾಗೆ ಇರುತ್ತವೆ, ಸಣ್ಣ ಪೆಟ್ಟಿಗೂ ಹರಿದು ಹನಿಹನಿಯಾಗಿ ಸೋರುತ್ತವೆ. ಲಕ್ಷಣಗಳು ಎರಡು ಮೂರು ವಾರಗಳಿಂದ ಹಿಡಿದು ಕೆಲವು ತಿಂಗಳ ನಂತರವೂ ಕಾಣಿಸಬಹುದು. ಮೂಲ ಪ್ರಶ್ನೆ ಕೇಳಿದ ತಂಗಿಯೂ ಇದನ್ನು ನೆನಪಿನಲ್ಲಿಡಲಿ.

ದಬ್ಬೆಯ ವಿಷಯ: ನಿಮ್ಮ ಕಾಲು ಕೂಡಿತು ಎಂಬುದು ನನಗೂ ಸಂತೋಷ. ನನ್ನ ಬಳಿಗೆ ಬರುವವರು ಕೂಡದವರು. ಬಿಗಿದ ದಬ್ಬೆಯ ಕೆಳಗೆ ರಕ್ತ ಓಡದೆ, ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಂಡೇ ಉಳಿದ ಮಕ್ಕಳನ್ನು ನೋಡಿದ್ದೇನೆ. ಕುಸಿದ ಬೆನ್ನುಮಣಿಯನ್ನಂತೂ ಹೊರಗಿನಿಂದ ಎಳೆದು ಎತ್ತಲು ಯಾರಿಂದಲೂ ಆಗುವುದಿಲ್ಲ.

ಕರಿಕೋಟು, ವಿಜಯಪುರ

ಚಿಕಿತ್ಸೆಯ ಖರ್ಚಿನ ಬಗ್ಗೆ ಯಾರೂ ಕೇಳಿಲ್ಲವಾದರೂ ಹೇಳುತ್ತೇನೆ. ಟಾಂಗಾ ಮೋಟಾರು ವಾಹನವಲ್ಲ. ಆದ್ದರಿಂದ 1988ರ ಮೋಟಾರು ವಾಹನ ಕಾಯಿದೆಯ ಕಡ್ಡಾಯ ವಿಮೆ ಅದಕ್ಕೆ ಅನ್ವಯಿಸುವುದಿಲ್ಲ. ಕುದುರೆ ತಾನಾಗಿಯೇ ಎಡವಿ ಗಾಡಿ ಮಗುಚಿದರೆ ಒಳಗೆ ಕುಳಿತವನು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಬಸ್ಸೋ ಲಾರಿಯೋ ಗಾಡಿಗೆ ಗುದ್ದಿದ್ದರೆ ಕಥೆ ಬೇರೆ. ಆಗ ಟಾಂಗಾದ ಸವಾರರು ಮೂರನೆಯ ವ್ಯಕ್ತಿಗಳಾಗುತ್ತಾರೆ, ಆ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ. ಗುದ್ದಿ ಓಡಿಹೋದ ವಾಹನದ ಗುರುತು ಸಿಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರದ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಕೊಡುವ 2025ರ ಕೇಂದ್ರ ಯೋಜನೆಗೂ ಮೋಟಾರು ವಾಹನದ ಪಾತ್ರ ಇರಲೇಬೇಕು.

ನಿಮ್ಮ ಪ್ರಕರಣದಲ್ಲಿ ಬಸ್ಸು ತಾಗಿಲ್ಲ, ಹಾರ್ನ್ ಹೊಡೆದಿದೆ. ಅಪಘಾತ ಬಸ್ಸಿನ ಬಳಕೆಯಿಂದಲೇ ಉಂಟಾಯಿತು ಎಂದು ವಾದಿಸಬಹುದು, ಆದರೆ ಬಸ್ಸಿನ ಸಂಖ್ಯೆ, ಸಾಕ್ಷಿಗಳು ಮತ್ತು ಪೊಲೀಸ್ ದೂರು ಇಲ್ಲದೆ ಆ ವಾದ ನಿಲ್ಲುವುದಿಲ್ಲ. ದವಾಖಾನೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ, ಎಂದು ದಾಖಲಿಸಿದ್ದಾರೆಯೇ ನೋಡಿ. ಮನೆಯಲ್ಲಿ ಬಿದ್ದರು ಎಂದು ಬರೆಸಿದ್ದರೆ ಅಲ್ಲಿಗೇ ಮುಗಿಯಿತು. ಇನ್ನು, ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಕಡಿತ ಮಾಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ 70 ವರ್ಷದವರೆಗೆ ಇರುತ್ತದೆ, ಆದರೆ ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೂಡುವ ಎಲುಬಿಗೆ ಅದರಿಂದ ಏನೂ ಬರುವುದಿಲ್ಲ.

ಸ್ಟೇಷನ್ ರಸ್ತೆಯ ಮಗಳು, ವಿಜಯಪುರ

ಎಲ್ಲರಿಗೂ ಕೃತಜ್ಞತೆಗಳು. ಎಕ್ಸ್-ರೇ ಆಯಿತು. ಸೊಂಟದ ಮೊದಲನೆಯ ಮಣಿ ಮುಂಭಾಗದಲ್ಲಿ ಕಾಲು ಭಾಗದಷ್ಟು ಕುಸಿದಿದೆ, ಹಿಂಭಾಗ ಸರಿಯಾಗಿದೆ, ಶಸ್ತ್ರಚಿಕಿತ್ಸೆ ಬೇಡ ಎಂದರು. ಮಣಿಕಟ್ಟು ತುಸು ಸರಿದಿದೆಯಂತೆ, ಆದರೆ ಅವರ ವಯಸ್ಸಿಗೆ ಅಷ್ಟು ಸಾಕು ಎಂದು ಹಾಗೆಯೇ ಬಿಟ್ಟಿದ್ದಾರೆ. ಎರಡನೆಯ ವಾರದ ಎಕ್ಸ್-ರೇಗೆ ಬನ್ನಿ ಎಂದು ಚೀಟಿಯಲ್ಲಿ ಬರೆದಿತ್ತು, ನಾವೇ ಹೋಗಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಬಂತು. ವರ್ಷಪೂರ್ತಿ ಇಷ್ಟು ಬಿಸಿಲಿರುವ ಊರಿನಲ್ಲಿ ಇದೇಕೆ ಎಂದು ಕೇಳಿದೆ. ಬಿಸಿಲು ಇರುವುದು ಹೊರಗೆ, ನಿಮ್ಮ ತಾಯಿ ಇರುವುದು ಅಡುಗೆಮನೆಯಲ್ಲಿ ಎಂದರು. ಎಲುಬಿನ ಸಾಂದ್ರತೆಯ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ.

ಆ ಟಾಂಗಾದವರು ನಿನ್ನೆ ಒಂದು ಬುಟ್ಟಿ ದ್ರಾಕ್ಷಿ ತೆಗೆದುಕೊಂಡು ಮನೆಗೆ ಬಂದಿದ್ದರು. ಅವ್ವ ಅವರಿಗೆ ಚಹಾ ಕೊಡಿಸಿ, ಕುದುರೆಗೆ ಏನಾದರೂ ಪೆಟ್ಟಾಯಿತೇ ಎಂದು ಕೇಳಿದರು. ವಕೀಲರು ಕ್ಷಮಿಸಬೇಕು, ನಾವು ದೂರು ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ.

ದನದ ದವಾಖಾನೆ, ಇಂಡಿ

ಪಶುವೈದ್ಯನಾಗಿ ಒಂದೆರಡು ಮಾತು. ಧನುರ್ವಾಯುವಿನ ಕ್ರಿಮಿಯ ಬೀಜಕಣಗಳು ಕುದುರೆಯ ಕರುಳಿನಲ್ಲಿಯೂ ಲದ್ದಿಯಲ್ಲಿಯೂ ಇರುತ್ತವೆ, ಹಾಗಾಗಿ ಟಾಂಗಾ ನಿಲ್ಲುವ ಜಾಗದಲ್ಲಿ ಆದ ತರಚು ಗಾಯವನ್ನೂ ಹಗುರವಾಗಿ ಎಣಿಸಬಾರದು. ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು, ಹಿಂದಿನ ಸೂಜಿ ಯಾವಾಗ ಆಗಿತ್ತು ಎಂಬುದನ್ನು ಡಾಕ್ಟರರಿಗೆ ಹೇಳಬೇಕು. ಆಳವಾದ, ಕೊಳೆಯಾದ ಗಾಯಕ್ಕೆ ಲಸಿಕೆಯ ಜೊತೆಗೆ ಪ್ರತಿವಿಷದ ಚುಚ್ಚುಮದ್ದೂ ಬೇಕಾಗಬಹುದು. ಕುದುರೆ ಕಚ್ಚಿದರೆ ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆಯೂ ವಿಚಾರಿಸಿ, ನಾಯಿಯಿಂದ ಆ ರೋಗ ಕುದುರೆಗೂ ಬರುತ್ತದೆ. ಒದೆತ ಹೊಟ್ಟೆಗೆ ಬಿದ್ದರೆ ಹೊರಗೆ ಲಾಳದ ಗುರುತು ಮಾತ್ರ ಕಾಣುತ್ತದೆ, ಒಳಗೆ ಗುಲ್ಮವೋ ಯಕೃತ್ತೋ ಸೀಳಿರಬಹುದು. ಅಂಥವರನ್ನು ಅದೇ ದಿನ ಸ್ಕ್ಯಾನ್ ಇರುವ ಕಡೆಗೇ ಕರೆದೊಯ್ಯಬೇಕು.

ಸ್ಟೇಷನ್ ರಸ್ತೆಯ ಮಗಳು, ವಿಜಯಪುರ

ಬಿದ್ದು ಇಂದಿಗೆ 45 ದಿನ. ಪ್ಲಾಸ್ಟರ್ ತೆಗೆದರು. ಕೈ ಒಣಗಿದ ಕಟ್ಟಿಗೆಯ ಹಾಗೆ ಕಾಣುತ್ತಿದೆ, ಅರ್ಧವೂ ಮಡಚುವುದಿಲ್ಲ. ಬೆನ್ನಿನ ನೋವು ಬಹಳ ಇಳಿದಿದೆ. ಅವ್ವನ ಪ್ರಶ್ನೆ ಒಂದೇ: ರೊಟ್ಟಿ ಯಾವಾಗ ಬಡಿಯಬಹುದು? ನಾನು ಬಡಿದ ರೊಟ್ಟಿ ಅವರಿಗೆ ಸೇರುತ್ತಿಲ್ಲ.

ಕೈಕಾಲು ಚಿಕಿತ್ಸೆ, ಬಾಗಲಕೋಟೆ

ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲ ಬರುತ್ತದೆ. ಜೋಳದ ಹಿಟ್ಟು ನಾದುವುದೆಂದರೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಅದರ ಮೇಲೆ ಮೈಭಾರ ಹಾಕುವುದು; ಬಿದ್ದಾಗ ಕೈ ಮುರಿದದ್ದೂ ಅದೇ ಭಂಗಿಯಲ್ಲಿ. ಆದ್ದರಿಂದ ಅದು ಕೊನೆಯ ಮೆಟ್ಟಿಲು. ಮೊದಲ ಎರಡು ವಾರ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಮೇಲೆ ಕೆಳಗೆ ಆಡಿಸಲಿ, ಅಂಗೈಯನ್ನು ಆಕಾಶಕ್ಕೂ ನೆಲಕ್ಕೂ ತಿರುಗಿಸಲಿ, ರೊಟ್ಟಿ ಮುರಿದು ಬಲಗೈಯಿಂದಲೇ ಊಟ ಮಾಡಲಿ. ಆಮೇಲೆ ಒದ್ದೆ ಕರವಸ್ತ್ರ ಹಿಂಡುವುದು, ನಂತರ ಮೆತ್ತನೆಯ ಗೋದಿ ಹಿಟ್ಟು. ರೊಟ್ಟಿ ಬಡಿಯುವುದಕ್ಕೆ ಬಿದ್ದ ದಿನದಿಂದ ಮೂರು ತಿಂಗಳಾದರೂ ಆಗಲಿ, ಅದೂ ಕಟ್ಟೆಯ ಮೇಲೆ ಒಲೆ ಇಟ್ಟು ನಿಂತು. ನೆಲಕ್ಕೆ ಬಾಗಿ ಕುಳಿತರೆ ಆ ಬೆನ್ನುಮಣಿ ಮತ್ತೆ ತಕರಾರು ಮಾಡುತ್ತದೆ.

ಕೈ ಉರಿಯುವುದು, ಚರ್ಮ ಹೊಳೆಯುವುದು, ಬಟ್ಟೆ ತಾಗಿದರೂ ನೋಯುವುದು ಶುರುವಾದರೆ ತಡಮಾಡಬೇಡಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಹೇಳುವುದಿಲ್ಲ: ಮಣಿಕಟ್ಟು ಮುರಿದ ಕೆಲವು ವಾರಗಳ ನಂತರ ಹೆಬ್ಬೆರಳನ್ನು ಎತ್ತುವ ನರದಂತಹ ಹುರಿ ಸವೆದು ತುಂಡಾಗಬಹುದು. ಅಂಗೈಯನ್ನು ಮೇಜಿನ ಮೇಲೆ ಬೋರಲು ಇಟ್ಟು ಹೆಬ್ಬೆರಳನ್ನು ಮಾತ್ರ ಮೇಲಕ್ಕೆ ಎತ್ತಲು ಹೇಳಿ ನೋಡಿ.

ಲಗಾಮು, ವಿಜಯಪುರ

ತಂಗೀ, ಕಟ್ಟೆಯ ಮೇಲಿನ ಒಲೆಯಲ್ಲಿ ನಿಂತು ಬಡಿದ ರೊಟ್ಟಿಯೂ ಉಬ್ಬುತ್ತದೆ ಎಂದು ಅವರಿಗೆ ಹೇಳು, ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಹಾಗೆಯೇ.

ಸ್ಟೇಷನ್ ರಸ್ತೆಯ ಮಗಳು, ವಿಜಯಪುರ

ಹೇಳಿದೆ ಕಾಕಾ, ನಂಬಲಿಲ್ಲ. ಅಕ್ಕಾ, ಹೆಬ್ಬೆರಳು ಎತ್ತಿಸಿ ನೋಡಿದೆ, ಏಳುತ್ತದೆ. ಎಡಗೈಯಷ್ಟು ಎತ್ತರಕ್ಕೆ ಏಳುವುದಿಲ್ಲ. ಸೋಮವಾರ ದವಾಖಾನೆಗೆ ಹೋದಾಗ ಅದನ್ನೂ ತೋರಿಸುತ್ತೇನೆ.